ಇಂಜಿನಿಯರಿಂಗ್ ಓದದ ಇಂಜಿನಿಯರ್: ಫ್ರಾಂಕ್ ಹಾರ್ನ್‌ಬಿ

ಸಣ್ಣವರಿದ್ದಾಗ ತೂತಿನ ಪಟ್ಟಿ, ನಟ್ಟು, ಬೋಲ್ಟು, ಪುಟಾಣಿ ಸ್ಪ್ಯಾನರ್ ಇರೋ ಮೆಕ್ಯಾನಿಕ್ಸ್ ಡಬ್ಬಿ ನಿಮ್ಮಲ್ಲಿ ಎಷ್ಟು ಜನರ ಕೈಗೆ ಬಂದಿತ್ತು? ನನಗೆ ಸಿಕ್ಕಿದ್ದು ಅದರ ನಕಲು, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ. ಎರಡು ದಿನಕ್ಕೆ ಅರ್ಧ ಬೋಲ್ಟು ಕಳೆದುಹೋದವು. ಆದರೂ ಉಳಿದ ಪಟ್ಟಿಯಲ್ಲಿ ಒಂದು ಲಾರಿ ಮಾಡಿದ್ದೆ. ಬಸವಕಲ್ಯಾಣದ ಕಡೆಯ ಹುಡುಗರಿಗೆ ಮೊದಲು ಹೊಳೆಯೋದು ಲಾರಿಯೇ ಅಲ್ವಾ! ಸಸ್ತಾಪುರ ಬಂಗ್ಲಾ ಹತ್ತಿರ ಹೈವೇ ಬದಿ ವೆಲ್ಡಿಂಗ್ ಕಿಡಿ, ಪೇಂಟಿನ ವಾಸನೆ ನೋಡ್ಕೊಂಡೇ ಬೆಳೆದವರು ನಾವು.

ಆ ತೂತಿನ ಪಟ್ಟಿಯ ಹಿಂದೆ ಒಬ್ಬ ಮನುಷ್ಯ ಇದ್ದಾರೆ ಅಂತ ಗೊತ್ತಾಗಿದ್ದು ಮಾತ್ರ ಇಂಜಿನಿಯರಿಂಗ್‌ಗೆ ಸೇರಿದ ಮೇಲೆ. ಅವರ ಹೆಸರು ಫ್ರಾಂಕ್ ಹಾರ್ನ್‌ಬಿ. ತಮಾಷೆ ಏನಂದ್ರೆ, ಅವರು ಇಂಜಿನಿಯರೇ ಅಲ್ಲ. ಲೆಕ್ಕ ಬರೆಯುವ ಗುಮಾಸ್ತ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನಲ್ಲಿ. ತಂದೆಯದು ದಿನಸಿ ವ್ಯಾಪಾರ. ಹುಡುಗ 16ನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಅಂಗಡಿಯಲ್ಲೇ ಕ್ಯಾಶಿಯರ್ ಆದ. 1887ರಲ್ಲಿ ಶಾಲಾ ಶಿಕ್ಷಕಿ ಕ್ಲಾರಾ ಅವರೊಂದಿಗೆ ಮದುವೆಯಾಯಿತು. ಮುಂದೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಹುಟ್ಟಿದರು. 1899ರಲ್ಲಿ ತಂದೆ ತೀರಿಕೊಂಡರು, ವ್ಯಾಪಾರವೂ ಮುಚ್ಚಿತು. 36 ವರ್ಷದ ಹಾರ್ನ್‌ಬಿ ಡೇವಿಡ್ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ನಮ್ಮೂರಲ್ಲಾಗಿದ್ರೆ ಇಷ್ಟು ಹೊತ್ತಿಗೆ ಇನ್ನೇನಿದೆ ಇವನ ಬಾಳಲ್ಲಿ ಅಂತ ಜನ ಮಾತಾಡಿಕೊಳ್ತಿದ್ರು.

ಅದೇ ವರ್ಷ ಅವರು ಮನೆಯಲ್ಲಿ ಮಕ್ಕಳಾದ ರೋಲಂಡ್ ಮತ್ತು ಡಗ್ಲಸ್‌ಗೆ ಆಟಿಕೆ ಮಾಡಿಕೊಡಲು ಕೂತರು. ಲೋಹದ ತಗಡು ಕತ್ತರಿಸಿ ಕ್ರೇನು, ಸೇತುವೆ ಜೋಡಿಸುತ್ತಿದ್ದರು. ಪ್ರತಿ ಹೊಸ ಆಟಿಕೆಗೆ ಪ್ರತಿ ಸಲ ಹೊಸ ಭಾಗ ಕತ್ತರಿಸಬೇಕಾಗ್ತಿತ್ತು. ಕೆಲಸ ಮುಗಿದ ಮೇಲೆ ಆ ಭಾಗ ಬೇರೆ ಯಾವುದಕ್ಕೂ ಬರ್ತಿರಲಿಲ್ಲ. ಆಗ ಹೊಳೆದದ್ದೇ ಅವರ ಇಡೀ ಬದುಕಿನ ಐಡಿಯಾ. ಎಲ್ಲ ಪಟ್ಟಿಗೂ ಒಂದೇ ಅಗಲ, ಎಲ್ಲ ತೂತಿಗೂ ಒಂದೇ ಗಾತ್ರ, ತೂತಿನಿಂದ ತೂತಿಗೆ ಸರಿಯಾಗಿ ಅರ್ಧ ಇಂಚು. ಹಾಗೆ ಮಾಡಿದರೆ ಇವತ್ತಿನ ಕ್ರೇನು ಬಿಚ್ಚಿ ನಾಳೆ ಗಾಡಿ ಕಟ್ಟಬಹುದು. ನಾವು ಇಂಟರ್‌ಚೇಂಜೆಬಿಲಿಟಿ ಅಂತ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೀತೀವಲ್ಲ, ಅದನ್ನೇ ಅವರು ಮಕ್ಕಳ ಮುಂದೆ ಕೂತು ಕಂಡುಕೊಂಡರು.

ಪೇಟೆಂಟ್ ಮಾಡಿಸೋಕೆ ದುಡ್ಡಿರಲಿಲ್ಲ. ಮಾಲೀಕ ಎಲಿಯಟ್ ಬಳಿಯೇ 5 ಪೌಂಡ್ ಸಾಲ ಪಡೆದರು. 1901ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಹೋಯಿತು. ಆಟಿಕೆಗೆ ಮೊದಲು ಇಟ್ಟ ಹೆಸರು ಮೆಕ್ಯಾನಿಕ್ಸ್ ಮೇಡ್ ಈಸಿ. ಎಲಿಯಟ್ ಪಾಲುದಾರರಾಗಿ ಜಾಗವನ್ನೂ ಕೊಟ್ಟರು. ಲಿವರ್‌ಪೂಲ್‌ನ ಇಂಜಿನಿಯರಿಂಗ್ ಪ್ರೊಫೆಸರ್ ಹೀಲೆ-ಶಾ ಈ ಆಟಿಕೆಯನ್ನು ನೋಡಿ ಮೆಚ್ಚಿದ್ದು ದೊಡ್ಡ ಬಲವಾಯಿತು. ಆದರೆ ಅಂಗಡಿಯವರು ಸುಲಭಕ್ಕೆ ಒಪ್ಪಲಿಲ್ಲ. ಫಿನಿಶಿಂಗ್ ಚೆನ್ನಾಗಿರಲಿಲ್ಲ, ಡಬ್ಬಿಯೂ ಸಾಧಾರಣ. ಮೊದಲ ಸಣ್ಣ ಲಾಭ ಕಂಡಿದ್ದು 1906ರಲ್ಲಿ. ಅಂದ್ರೆ ಐದು ವರ್ಷ ಬರೀ ನಂಬಿಕೆಯ ಮೇಲೆ ನಡೆದ ಕೆಲಸ. 1907ರಲ್ಲಿ ಮೆಕ್ಯಾನೋ ಎಂಬ ಹೆಸರು ನೋಂದಾಯಿಸಿದರು. 1908ರಲ್ಲಿ ಎಲಿಯಟ್ ಹಿಂದೆ ಸರಿದಾಗ ಹಾರ್ನ್‌ಬಿ ಒಬ್ಬರೇ ಮೆಕ್ಯಾನೋ ಲಿಮಿಟೆಡ್ ಕಟ್ಟಿದರು.

ಆಮೇಲೆ ವೇಗ ಹಿಡಿಯಿತು. 1914ರ ಹೊತ್ತಿಗೆ ಲಿವರ್‌ಪೂಲ್‌ನ ಬಿನ್ಸ್ ರಸ್ತೆಯಲ್ಲಿ ಸ್ವಂತ ಕಾರ್ಖಾನೆ. 1916ರಲ್ಲಿ ಮೆಕ್ಯಾನೋ ಮ್ಯಾಗಜೀನ್. 1920ರಲ್ಲಿ ಹಾರ್ನ್‌ಬಿ ರೈಲು. ಮೊದಲ ಮಹಾಯುದ್ಧದ ಮೊದಲು ಆಟಿಕೆ ರೈಲಿನ ಮಾರುಕಟ್ಟೆ ಜರ್ಮನಿಯವರ ಕೈಯಲ್ಲಿತ್ತು. ಯುದ್ಧದ ನಂತರ ಆ ಜಾಗ ಖಾಲಿಯಾದಾಗ ಹಾರ್ನ್‌ಬಿ ಸರಿಯಾದ ಹೊತ್ತಿಗೆ ಒಳಗೆ ಬಂದರು.

1934ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಡಗ್ಲಸ್ ಹಾರ್ಟ್ರೀ ಮತ್ತು ಆರ್ಥರ್ ಪೋರ್ಟರ್ ಡಿಫರೆನ್ಷಿಯಲ್ ಅನಲೈಸರ್ ಕಟ್ಟಿದರು. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುವ ಯಂತ್ರ ಅದು. ಅದಕ್ಕೆ ಬಳಸಿದ್ದು ಬಹುಪಾಲು ಮೆಕ್ಯಾನೋ ಭಾಗಗಳನ್ನೇ! ಎಮ್-3ಯಲ್ಲಿ ನಮ್ಮನ್ನು ಅಳಿಸಿದ ಈಕ್ವೇಷನ್‌ಗಳನ್ನು ಆಟಿಕೆಯ ಗೇರು ಬಿಡಿಸಿತು ಅಂದ್ರೆ ನಂಬ್ತೀರಾ? ಖರೇನೇ.

ಇನ್ನು ಕಾರಿನ ವಿಷಯ. 1933ರ ಕೊನೆಗೆ ಹಾರ್ನ್‌ಬಿ ಕಂಪನಿ ಆರು ಪುಟ್ಟ ವಾಹನ ತಂದಿತು: ಸ್ಪೋರ್ಟ್ಸ್ ಕಾರು, ಕೂಪೆ, ಲಾರಿ, ಡೆಲಿವರಿ ವ್ಯಾನು, ಟ್ರ್ಯಾಕ್ಟರ್, ಟ್ಯಾಂಕ್. ರೈಲು ಲೇಔಟ್ ಪಕ್ಕ ನಿಲ್ಲಿಸೋಕೆ ಅಂತ ಮಾಡಿದ್ದು. ಮರುವರ್ಷವೇ ಇವಕ್ಕೆ ಡಿಂಕಿ ಟಾಯ್ಸ್ ಅಂತ ಹೆಸರು ಬಂತು. ರೈಲಿನ ಅಳತೆ 1 ಅಡಿಗೆ 7 ಮಿ.ಮೀ., ಅಂದರೆ ಸುಮಾರು 1:43. ಇವತ್ತಿಗೂ ಡೈ-ಕಾಸ್ಟ್ ಕಾರು ಸಂಗ್ರಹಿಸುವವರಲ್ಲಿ 1:43 ಜನಪ್ರಿಯ ಅಳತೆಯಾಗಿ ಉಳಿದಿದೆ.

ಅಳತೆ ಅಂದಾಗ ನಾವು ಬರೀ ಉದ್ದ ಅಗಲ ನೋಡ್ತೀವಿ. ಬಣ್ಣಕ್ಕೂ ಅಳತೆ ಇದೆ ಅಂತ ನನಗೆ ಅರ್ಥವಾಗಿದ್ದು ಹಾಸ್ಟೆಲ್‌ನಲ್ಲಿ 1:24 ಪ್ಲಾಸ್ಟಿಕ್ ಲಾರಿ ಕಿಟ್ ಹಾಳು ಮಾಡಿಕೊಂಡಾಗ. ಗ್ಯಾರೇಜಿನಿಂದ ಸ್ಪ್ರೇ ಗನ್, ಎನ್‌ಸಿ ಥಿನ್ನರ್ ತಂದು ಜೋರಾಗಿ ಹೊಡೆದೆ. ಥಿನ್ನರ್ ಪಾಲಿಸ್ಟೈರೀನನ್ನೇ ಕರಗಿಸಿತು, ಕ್ಯಾಬಿನ್ ಬಾಗಿಲಿನ ಗೆರೆಗಳೆಲ್ಲ ಮುಚ್ಚಿಹೋದವು. ಲೆಕ್ಕ ನೋಡ್ರಿ: 1:43 ಮಾದರಿ ಮೇಲೆ 0.1 ಮಿ.ಮೀ. ಬಣ್ಣ ಕೂತರೆ, ನಿಜವಾದ ಕಾರಿನ ಮೇಲೆ 4.3 ಮಿ.ಮೀ. ದಪ್ಪ ಮೆತ್ತಿದ ಹಾಗೆ. ಅದಕ್ಕೇ ಏರ್‌ಬ್ರಷ್ ಬೇಕು. ಗ್ಯಾರೇಜ್ ಗನ್ನಿನ ನಾಜಲ್ ಸುಮಾರು 1.4 ಮಿ.ಮೀ. ಇದ್ದರೆ ಏರ್‌ಬ್ರಷ್‌ನದು 0.2ರಿಂದ 0.5.

ಕ್ಲಬ್ಬಿನವರು ಯಾವುದು ತಗೋಬೇಕು ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಇಲ್ಲೇ ಹೇಳಿಬಿಡ್ತೀನಿ. ಡಬಲ್ ಆ್ಯಕ್ಷನ್ ತಗೊಳ್ಳಿ: ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ, ಎರಡೂ ನಿಮ್ಮ ಬೆರಳಿನ ಹಿಡಿತದಲ್ಲಿ. ಬಣ್ಣದ ಬಟ್ಟಲು ಮೇಲಿರುವುದು ಒಳ್ಳೇದು, ಕಡಿಮೆ ಒತ್ತಡದಲ್ಲೂ ಬಣ್ಣ ಇಳಿಯುತ್ತೆ. ಒಂದೇ ಕೊಳ್ಳುವುದಾದರೆ 0.3 ಮಿ.ಮೀ. ಸೂಜಿ ಸಾಕು, 0.2 ಹೊಸಬರ ಕೈಯಲ್ಲಿ ಪದೇ ಪದೇ ಕಟ್ಟಿಕೊಳ್ಳುತ್ತೆ. ಬಣ್ಣ ಹಾಲಿನಷ್ಟು ತೆಳುವಾಗಲಿ, ಒತ್ತಡ 15ರಿಂದ 20 ಪಿಎಸ್‌ಐ ಇರಲಿ. ಕಂಪ್ರೆಸರ್‌ಗೆ ಟ್ಯಾಂಕ್, ನೀರು ಹಿಡಿಯುವ ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಬಣ್ಣದ ನಡುವೆ ನೀರಿನ ಹನಿ ಉಗುಳುತ್ತೆ. ಒಂದು ದಪ್ಪ ಕೋಟ್ ಬೇಡ, ಮೂರು ತೆಳು ಕೋಟ್ ಹೊಡೀರಿ. ಮಾಸ್ಕ್ ಮರೀಬೇಡಿ, ಕಿಟಕಿ ತೆಗೆದಿಡಿ.

ಮತ್ತೆ ಹಾರ್ನ್‌ಬಿ ಕಡೆ ಬರೋಣ. ಡಿಂಕಿ ಕಾರುಗಳನ್ನು ಮೊದಲು ಸೀಸದಲ್ಲಿ, ಬೇಗನೆ ಸತು ಮಿಶ್ರಲೋಹದಲ್ಲಿ ಎರಕ ಹೊಯ್ದರು. ಆ ಸತುವಿನಲ್ಲಿ ಸೀಸದಂಥ ಕಲ್ಮಶ ಚೂರು ಸೇರಿದರೂ ಸಾಕು, ವರ್ಷಗಳು ಕಳೆದಂತೆ ಕಣಗಳ ನಡುವೆ ತುಕ್ಕು ಹಿಡಿದು ಕಾರು ಉಬ್ಬುತ್ತೆ, ಬಿರಿಯುತ್ತೆ, ಕೊನೆಗೆ ಪುಡಿಯಾಗುತ್ತೆ. ಸಂಗ್ರಾಹಕರು ಇದನ್ನು ಜಿಂಕ್ ಪೆಸ್ಟ್ ಅಂತಾರೆ. 1930ರ ದಶಕದ ಎಷ್ಟೋ ಡಿಂಕಿಗಳು ಹೀಗೆ ಕಪಾಟಿನಲ್ಲಿ ಕೂತಲ್ಲೇ ಸತ್ತವು. ಮೇಲಿನ ಬಣ್ಣ ಹೊಳೀತಾನೇ ಇತ್ತು. ಅಳತೆಯ ಶಿಸ್ತಿನಿಂದಲೇ ಬೆಳೆದ ಕಾರ್ಖಾನೆ ಲೋಹದ ಶುದ್ಧತೆಯಲ್ಲಿ ಎಡವಿತ್ತು. ಆ ತಪ್ಪು ಪೂರ್ತಿ ಬೆಳಕಿಗೆ ಬರುವಷ್ಟರಲ್ಲಿ ಹಾರ್ನ್‌ಬಿ ಇರಲಿಲ್ಲ.

1931ರಲ್ಲಿ ಅವರು ಎವರ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿ 1935ರವರೆಗೆ ಇದ್ದರು. ಆಗ ಅವರು ಕೋಟ್ಯಧಿಪತಿ. 1936ರ ಸೆಪ್ಟೆಂಬರ್ 21ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗ ರೋಲಂಡ್ ಕಂಪನಿ ನಡೆಸಿದರು. ಯಾರ ಕೈಗೆಂದು ತಗಡು ಕತ್ತರಿಸಿದ್ದರೋ, ಆ ಹುಡುಗನ ಕೈಗೇ ಕಾರ್ಖಾನೆ ಬಂತು. ಆದರೆ 1964ರಲ್ಲಿ ಕಂಪನಿ ಬೇರೆಯವರ ಪಾಲಾಯಿತು, 1979ರಲ್ಲಿ ಬಿನ್ಸ್ ರಸ್ತೆಯ ಬಾಗಿಲು ಮುಚ್ಚಿತು. ಈ ನಡುವೆ ಕೆಲವು ಹಳೆಯ ಡಿಂಕಿ ಅಚ್ಚುಗಳು ಕಲ್ಕತ್ತಾಕ್ಕೆ ಬಂದು ನಿಕಿ ಟಾಯ್ಸ್ ಹೆಸರಲ್ಲಿ ನಮ್ಮ ದೇಶದ ಮಕ್ಕಳ ಕೈಗೂ ಸೇರಿದವು. ನಿಮ್ಮ ಅಜ್ಜನ ಮನೆ ಅಟ್ಟದಲ್ಲಿ ಒಂದು ಇದ್ದರೂ ಇರಬಹುದು, ಹುಡುಕಿ ನೋಡ್ರಿ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನನ್ನ ಹಾಳಾದ ಲಾರಿ ಕ್ಯಾಬಿನ್ನನ್ನು ಬಾಡಿ ಕಟ್ಟುವ ಶೆಡ್ಡಿನ ಮೇಸ್ತ್ರಿ ಒಬ್ಬರಿಗೆ ತೋರಿಸಿದೆ. ಅವರು ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿದೆ, ಡ್ರಾಯಿಂಗ್ ಹಾಳೆ ಇಲ್ಲದೆ ಟೇಪು ಹಿಡಿದೇ ಲಾರಿ ಕಟ್ತಾರೆ. ಕ್ಯಾಬಿನ್ ತಿರುಗಿಸಿ ನೋಡಿ, ಬಣ್ಣದ ಮಾತೇ ಎತ್ತದೆ, ಎಡಗಡೆ ಬಾಗಿಲು ಬಲಗಡೆಗಿಂತ ಒಂದು ಕೂದಲೆಳೆ ಅಗಲ ಇದೆ ಅಂದರು. ವರ್ನಿಯರ್ ಇಟ್ಟು ನೋಡಿದೆ. ಇತ್ತು. ನಾನೇ ಉಜ್ಜುವಾಗ ಮಾಡಿದ ತಪ್ಪು. ಈ ಸೆಮಿಸ್ಟರ್ ಎರಡನೇ ಕಿಟ್ ತಂದಿದ್ದೀನಿ. ಮೊದಲು ಅಳೆದು, ಆಮೇಲೆ ಬಣ್ಣ.