ಇಪ್ಪತ್ತರ ಹರೆಯದಲ್ಲೇ ದಾರಿ ಕಂಡ ಪುನೀತ ಫ್ರೆಡರಿಕ್ ಓಝಾನಾಮ್

ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಸದಸ್ಯರು ಬಡ ಕುಟುಂಬಗಳ ಮನೆಗಳಿಗೆ ತೆರಳಿ, ಅವರ ಕಷ್ಟಸುಖ ವಿಚಾರಿಸಿ, ಅಕ್ಕಿಗೋ ಔಷಧಕ್ಕೋ ಮಕ್ಕಳ ಓದಿಗೋ ನೆರವಾಗುವುದನ್ನು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ನಾವು ಕಾಣುತ್ತೇವೆ. ಅವರಲ್ಲಿ ತಲೆ ನರೆತವರೇ ಹೆಚ್ಚಾಗಿರುವುದರಿಂದ ಇದು ಹಿರಿಯರ ಸಂಘಟನೆಯೆಂದು ಯುವಜನರು ಭಾವಿಸುವುದುಂಟು. ಆದರೆ ಈ ಸಭೆಗೆ ಜನ್ಮವಿತ್ತವರು ವಿದ್ಯಾರ್ಥಿಗಳು. ಅವರಲ್ಲಿ ಪ್ರಮುಖರಾದ ಫ್ರೆಡರಿಕ್ ಓಝಾನಾಮರಿಗೆ ಅಂದು ಕೇವಲ 20 ವರ್ಷ.

ಓಝಾನಾಮರು 1813ರ ಏಪ್ರಿಲ್ 23ರಂದು ಇಟಲಿಯ ಮಿಲಾನ್ ನಗರದಲ್ಲಿ ಜನಿಸಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಬೆಳೆದರು. ತಂದೆ ವೈದ್ಯರು, ಬಡ ರೋಗಿಗಳ ಆರೈಕೆಯನ್ನು ಕರ್ತವ್ಯವೆಂದೇ ತಿಳಿದಿದ್ದವರು. 1837ರಲ್ಲಿ ಅವರು ಮರಣಹೊಂದಿದ್ದೂ ಬಡ ರೋಗಿಯೊಬ್ಬರ ಮನೆಯ ಮೆಟ್ಟಿಲುಗಳಿಂದ ಬಿದ್ದು. ಇಂತಹ ಮನೆಯಲ್ಲಿ ಬೆಳೆದರೂ ಫ್ರೆಡರಿಕರ ವಿಶ್ವಾಸ ಪರೀಕ್ಷೆಗೊಳಗಾಗದೆ ಇರಲಿಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲಿ ಸಂಶಯಗಳು ಅವರನ್ನು ತೀವ್ರವಾಗಿ ಕಾಡಿದವು. ಗುರುಗಳಾದ ಫಾದರ್ ನ್ವಾರೋ ಅವರು ಗದರಿಸಿ ಬಾಯಿ ಮುಚ್ಚಿಸದೆ, ಶಾಂತವಾಗಿ ವಿಚಾರಿಸಿ ದಾರಿ ತೋರಿದರು. ಮಕ್ಕಳ ಪ್ರಶ್ನೆಗಳಿಗೆ ಬೆದರುವ ತಂದೆತಾಯಿಯರು ಇದನ್ನು ಗಮನಿಸಬೇಕು.

1831ರಲ್ಲಿ ಓಝಾನಾಮರು ಕಾನೂನು ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಬಂದರು. ಮರುವರ್ಷ ಆ ನಗರಕ್ಕೆ ಕಾಲರಾ ಬಡಿದು ಸುಮಾರು 18,000 ಮಂದಿ ಬಲಿಯಾದರು. ಇಕ್ಕಟ್ಟಾದ ಓಣಿಗಳ ಬಡವರೇ ಹೆಚ್ಚಾಗಿ ಮಡಿದರು. ವಿಶ್ವವಿದ್ಯಾಲಯದಲ್ಲಾದರೋ ಧರ್ಮಸಭೆಯನ್ನು ಹೀಯಾಳಿಸುವುದೇ ವಿದ್ವತ್ತಿನ ಲಕ್ಷಣವೆಂಬ ವಾತಾವರಣ. ಓಝಾನಾಮರು ಮತ್ತು ಗೆಳೆಯರು ಚರ್ಚಾಕೂಟದಲ್ಲಿ ಸೇರಿ, ಕ್ರೈಸ್ತ ಧರ್ಮವು ಇತಿಹಾಸದಲ್ಲಿ ಮಾಡಿದ ಉಪಕಾರಗಳನ್ನು ಸಮರ್ಥವಾಗಿ ಪ್ರತಿಪಾದಿಸುತ್ತಿದ್ದರು. ಆಗ ಎದುರು ಪಕ್ಷದಿಂದ ಒಂದು ಪ್ರಶ್ನೆ ಬಂತು. ಹಿಂದಿನವರ ಸತ್ಕಾರ್ಯಗಳನ್ನು ಒಪ್ಪೋಣ. ಆದರೆ ಇಂದಿನ ಬಡವರಿಗಾಗಿ ನೀವು ಮಾಡುತ್ತಿರುವುದಾದರೂ ಏನು ಎಂಬುದೇ ಅದರ ತಾತ್ಪರ್ಯ.

ವಾದದಲ್ಲಿ ನಿಪುಣರಾದ ಓಝಾನಾಮರಿಗೆ ಇದಕ್ಕೂ ಮಾತಿನಲ್ಲೇ ಉತ್ತರ ಕೊಡಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಪ್ರಶ್ನೆ ನ್ಯಾಯವಾದುದೆಂದು ಒಪ್ಪಿ, ಅದನ್ನು ತಮ್ಮ ಮೇಲೆಯೇ ಹೊತ್ತುಕೊಂಡರು. ಅಂದೇ ಅವರು ಗೆಳೆಯನೊಬ್ಬನೊಡನೆ ಚಳಿಗಾಲಕ್ಕೆಂದು ಇರಿಸಿ ಉಳಿದಿದ್ದ ಸೌದೆಯನ್ನು ಬಡವರೊಬ್ಬರ ಮನೆಗೆ ಹೊತ್ತೊಯ್ದರೆಂದು ಸಭೆಯ ಪರಂಪರೆ ಹೇಳುತ್ತದೆ.

1833ರ ಏಪ್ರಿಲ್ 23ರಂದು, ಓಝಾನಾಮರಿಗೆ 20 ತುಂಬಿದ ದಿನವೇ, ಪತ್ರಿಕಾ ಸಂಪಾದಕರಾದ ಎಮಾನ್ಯುಯೆಲ್ ಬಾಯಿ ಅವರ ಕಚೇರಿಯಲ್ಲಿ ಈ ಗೆಳೆಯರ ಪ್ರಥಮ ಸಭೆ ಜರುಗಿತು. ಉತ್ಸಾಹವಿತ್ತು, ಅನುಭವವಿರಲಿಲ್ಲ. ಆದುದರಿಂದ ಮೂಫ್ತಾರ್ ಎಂಬ ಬಡ ಬಡಾವಣೆಯಲ್ಲಿ ಸೇವೆಗೈಯುತ್ತಿದ್ದ ಧರ್ಮಭಗಿನಿ ರೊಸಾಲಿ ರಾಂದ್ಯು ಅವರ ಬಳಿಗೆ ಹೋಗಿ ಕಲಿತರು. ಯಾವ ಮನೆಗೆ ಹೋಗಬೇಕು, ಬಡವರ ಅಭಿಮಾನಕ್ಕೆ ನೋವಾಗದಂತೆ ಹೇಗೆ ಮಾತನಾಡಬೇಕು ಎಂಬುದನ್ನು ಆಕೆಯೇ ತಿಳಿಸಿಕೊಟ್ಟರು. ಹಣ ಸಂಗ್ರಹಿಸಿ ಬೇರೆಯವರ ಕೈಯಲ್ಲಿ ಕಳುಹಿಸುವುದಲ್ಲ, ತಾವೇ ಹೋಗಿ ಜೊತೆಯಲ್ಲಿ ಕುಳಿತು ಮಾತನಾಡುವುದು ಅವರ ಕ್ರಮವಾಯಿತು. ಸಭೆಯ ಪ್ರಥಮ ಅಧ್ಯಕ್ಷರಾದವರು ಹಿರಿಯರಾದ ಬಾಯಿ. ಓಝಾನಾಮರಾದರೋ ಕೊನೆಯವರೆಗೂ ಮಹಾ ಅಧ್ಯಕ್ಷ ಪದವಿಯನ್ನು ಅಲಂಕರಿಸಲೇ ಇಲ್ಲ. ಪದವಿಯಿಲ್ಲದೆಯೂ ನಾಯಕತ್ವ ಸಾಧ್ಯವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ಮುಂದೆ ಅವರು ಕಾನೂನು ಮತ್ತು ಸಾಹಿತ್ಯಗಳಲ್ಲಿ ಡಾಕ್ಟರೇಟ್ ಪಡೆದು, ಸೊರ್ಬಾನ್ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾದರು. ಗುರುದೀಕ್ಷೆಯೋ ಸಂಸಾರವೋ ಎಂಬ ತೊಳಲಾಟ ಅವರನ್ನು ಬಹುಕಾಲ ಕಾಡಿತು. ಕೊನೆಗೆ 1841ರಲ್ಲಿ ಅಮೆಲಿ ಸುಲಾಕ್ರ್ವಾ ಅವರನ್ನು ವರಿಸಿದರು. 1845ರಲ್ಲಿ ಮಗಳು ಮರಿ ಜನಿಸಿದಳು. ಪತಿಯಾಗಿ, ತಂದೆಯಾಗಿ, ಅಧ್ಯಾಪಕರಾಗಿ ಇದ್ದೂ ಬಡವರ ಮನೆಗಳಿಗೆ ಹೋಗುವುದನ್ನು ಅವರು ಬಿಡಲಿಲ್ಲ.

1848 ಅವರಿಗೆ ಅತ್ಯಂತ ಕಠಿಣವಾದ ವರ್ಷ. ಜೂನ್ ತಿಂಗಳಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ದಂಗೆಯೆದ್ದು ಪ್ಯಾರಿಸಿನ ಬೀದಿಗಳಲ್ಲಿ ತಡೆಗೋಡೆಗಳನ್ನೊಡ್ಡಿದರು. ರಕ್ತಪಾತವನ್ನು ಕಂಡು ಕಂಗೆಟ್ಟ ಓಝಾನಾಮರು ಗೆಳೆಯರೊಂದಿಗೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ಕಂಡು, ಸಂಧಾನಕ್ಕೆ ಮುಂದಾಗುವಂತೆ ವಿನಂತಿಸಿದರು. ಮಹಾಧರ್ಮಾಧ್ಯಕ್ಷರು ಒಪ್ಪಿ, ಜೂನ್ 25ರಂದು ತಡೆಗೋಡೆಯ ಬಳಿಗೆ ತೆರಳಿದರು. ಅಲ್ಲಿ ಗುಂಡೇಟು ತಗುಲಿ, 27ರಂದು ಪ್ರಾಣಬಿಟ್ಟರು. ತಾವು ನೀಡಿದ ಸಲಹೆಯ ಫಲವಿದೆಂಬ ವೇದನೆ ಓಝಾನಾಮರನ್ನು ಹಿಂಡಿತು. ಜವಾಬ್ದಾರಿ ಹೊರುವವನಿಗೆ ಇಂತಹ ಹೊರೆಯೂ ಒದಗುವುದುಂಟು. ಅವರಾದರೋ ಹಿಂದೆ ಸರಿಯಲಿಲ್ಲ. ದಂಗೆ ಅಡಗಿದ ಮೇಲೂ ಅದರ ಮೂಲವಾದ ಬಡತನ ಉಳಿದೇ ಇದೆಯೆಂದು ಪತ್ರಿಕೆಯಲ್ಲಿ ಬರೆದರು. ಧರ್ಮಗುರುಗಳನ್ನೂ ಧನಿಕರನ್ನೂ ಶಾಸಕರನ್ನೂ ಎಚ್ಚರಿಸಿದರು.

ಆರೋಗ್ಯ ಕೆಟ್ಟು ಇಟಲಿಗೆ ಹೋಗಿದ್ದ ಅವರು ಸ್ವದೇಶಕ್ಕೆ ಮರಳುವಾಗ ಮಾರ್ಸೇಲ್ ಬಂದರಿನಲ್ಲಿ 1853ರ ಸೆಪ್ಟೆಂಬರ್ 8ರಂದು ದೈವಾಧೀನರಾದರು. ಅಂದು ಕನ್ಯಾಮಾತೆಯ ಜನ್ಮೋತ್ಸವ. ಕರಾವಳಿಯ ನಮಗೆ ತೆನೆಹಬ್ಬದ ದಿನ. ಅವರಿಗೆ ಆಗಿನ್ನೂ 40 ವರ್ಷ. 1997ರ ಆಗಸ್ಟ್ 22ರಂದು, ವಿಶ್ವ ಯುವಜನ ದಿನಾಚರಣೆಗೆ ಪ್ಯಾರಿಸಿಗೆ ಬಂದಿದ್ದ ಪೋಪ್ ದ್ವಿತೀಯ ಜಾನ್ ಪಾಲರು ನೋತ್ರದಾಮ್ ಮಹಾದೇವಾಲಯದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಅವರಿಗೆ ದಾರಿ ತೋರಿದ ಧರ್ಮಭಗಿನಿ ರೊಸಾಲಿಯವರೂ 2003ರಲ್ಲಿ ಪುನೀತ ಪದವಿಗೇರಿದರು. ಬೆರಳೆಣಿಕೆಯ ಗೆಳೆಯರಿಂದ ಆರಂಭವಾದ ಸಭೆ ಇಂದು ಸುಮಾರು 150 ದೇಶಗಳಲ್ಲಿ ಹಬ್ಬಿದೆ.

ಜೀವನದಲ್ಲಿ ಗುರಿ ಕಾಣುತ್ತಿಲ್ಲವೆಂದು ಕೊರಗುವ ಯುವಜನರು ನಮ್ಮ ಮನೆಗಳಲ್ಲೂ ಇದ್ದಾರೆ. ಓಝಾನಾಮರು ಗುರಿ ಸ್ಪಷ್ಟವಾಗಲೆಂದು ಕಾದು ಕುಳಿತವರಲ್ಲ. ಸಮೀಪದ ಒಂದು ಮನೆಯ ಮೆಟ್ಟಿಲೇರಿದರು. ಗುರಿ ಅಲ್ಲಿಂದ ಅವರಿಗೆ ತೋರತೊಡಗಿತು. ಮುಂದಿನ ಭಾನುವಾರ ಸಭೆಯ ಹಿರಿಯರು ಬಡವರ ಮನೆಗೆ ಹೊರಟಾಗ ನಮ್ಮ ಮಗನೋ ಮಗಳೋ ಅವರ ಜೊತೆಗೂಡಲಿ. ಚೀಲ ಹೊರಲು ಒಂದು ಎಳೆಯ ಹೆಗಲು ದೊರೆತರೆ ಹಿರಿಯರಿಗೂ ಸಂತೋಷವೇ.