ವ್ರತಮಯ ಜೀವಿ ಅತ್ತಿಮಬ್ಬೆ

ವ್ರತವೆಂದೊಡನೆ ಮನಸ್ಸಿಗೆ ಮೊದಲು ಹೊಳೆಯುವುದು ಆಹಾರತ್ಯಾಗ. ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸವಿದ್ದು, ಉದ್ಯಾಪನೆಯಂದು ಬಸದಿಯಲ್ಲಿ ಪೂಜೆ ಸಲ್ಲಿಸುವ ತಾಯಂದಿರು ಮೂಡಬಿದಿರೆ, ಬಂಟವಾಳ, ಬೆಳ್ತಂಗಡಿ ಸೀಮೆಯ ಶ್ರಾವಕರ ಮನೆಗಳಲ್ಲಿ ಇಂದಿಗೂ ಉಂಟು. ಅಂಥ ತಾಯಂದಿರಿಗೆಲ್ಲ ಹಿರಿಯಳಾಗಿ, ಸಾವಿರ ವರ್ಷಗಳ ಹಿಂದೆ ಇಡೀ ಬಾಳನ್ನೇ ವ್ರತವಾಗಿಸಿಕೊಂಡ ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತ್ರೆ ಮನನಯೋಗ್ಯವಾದುದು.

ಆಕೆಯ ಹಿರಿಯರು ವೆಂಗಿನಾಡಿನವರು. ತಂದೆ ಮಲ್ಲಪಯ್ಯ, ತಾಯಿ ಅಪ್ಪಕಬ್ಬೆ. ಮಲ್ಲಪಯ್ಯನೂ ಆತನ ತಮ್ಮ ಪೊನ್ನಮಯ್ಯನೂ ಗುರುಗಳಾದ ಜಿನಚಂದ್ರರ ಸ್ಮರಣಾರ್ಥವಾಗಿ ಪೊನ್ನಕವಿಯಿಂದ ಶಾಂತಿಪುರಾಣವನ್ನು ರಚಿಸಿದರು. ಶಾಸ್ತ್ರಭಕ್ತಿ ಅತ್ತಿಮಬ್ಬೆಗೆ ತವರಿನಿಂದಲೇ ಬಂದ ಸಿರಿ. ಅವಳನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ತೈಲಪನ ಮಂತ್ರಿ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಿದರು.

ವೀರನಾದ ನಾಗದೇವನು ಅಕಾಲದಲ್ಲಿ ಮಡಿದನು. ಗುಂಡಮಬ್ಬೆ ಸಹಗಮನಗೈದಳು. ಅತ್ತಿಮಬ್ಬೆಯ ಮಡಿಲಲ್ಲಿ ಮಗ ಅಣ್ಣಿಗದೇವನಿದ್ದನು. ಚಿತೆಯೇರಿದವರನ್ನು ಲೋಕ ಕೊಂಡಾಡುತ್ತಿದ್ದ ಆ ಕಾಲದಲ್ಲಿ ಉಳಿದು ಬಾಳುವುದು ಸುಲಭದ ನಿರ್ಧಾರವಾಗಿರಲಿಲ್ಲ. ಪತಿಯನ್ನೂ ಒಡಹುಟ್ಟಿದವಳನ್ನೂ ಒಮ್ಮೆಗೇ ಕಳೆದುಕೊಂಡ ಆಕೆ ವ್ರತೋಪವಾಸಗಳಿಂದ ದೇಹವನ್ನು ದಂಡಿಸುತ್ತ, ಮನಸ್ಸನ್ನು ಜಿನಪಾದದಲ್ಲಿ ನಿಲ್ಲಿಸಿ, ಮಗನನ್ನು ಸಾಕಿ ಬೆಳೆಸಿದಳು. ಆತನೇ ಮುಂದೆ ಪಡೆವಳ ತೈಲನೆಂದು ಹೆಸರಾದನು.

ಆಕೆಯ ತಾಯ್ತನ ಒಬ್ಬ ಮಗನಿಗೆ ಮುಗಿಯಲಿಲ್ಲ. ಮುದ್ರಣವಿಲ್ಲದ ಕಾಲದಲ್ಲಿ, ಒಂದೊಂದು ಅಕ್ಷರವನ್ನೂ ಕಂಟದಿಂದ ತಾಳೆಗರಿಯ ಮೇಲೆ ಕೊರೆಯಬೇಕಾಗಿದ್ದಾಗ, ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ರನ್ನಕವಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಕೃತಜ್ಞನಾದ ಕವಿ ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಜಿನಾಲಯವೂ 1007ರ ಶಾಸನವೂ ಇಂದಿಗೂ ಉಳಿದಿವೆ.

ಬೆಳ್ಗೊಳದ ಗೊಮ್ಮಟಸ್ವಾಮಿಯ ದರ್ಶನವಾಗುವತನಕ ಆಹಾರ ಮುಟ್ಟೆನೆಂದು ಆಕೆ ನಿಯಮ ತೊಟ್ಟಳೆಂದೂ, ಬಳಲಿ ಬೆಟ್ಟವೇರಿದಾಗ ಅಕಾಲದಲ್ಲಿ ಮಳೆ ಸುರಿದು ತಂಪೆರೆಯಿತೆಂದೂ ಪ್ರತೀತಿ. ಆ ಮಳೆಯನ್ನು ಭಕ್ತರು ಅತಿಶಯವೆಂದು ನಂಬುವರು. ನಿಯಮ ಮುರಿಯದ ಆಕೆಯ ದೃಢಚಿತ್ತವೂ ಅದಕ್ಕೆ ಕಡಿಮೆಯ ಅತಿಶಯವಲ್ಲ.

ಅತ್ತಿಮಬ್ಬೆ ತುಳಿದ ಹಾದಿಯ ಗುರುತು ನಮ್ಮ ಸಮೀಪದಲ್ಲೂ ಇದೆ. ಮೂಡಬಿದಿರೆಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಸಿದ್ಧಾಂತ ಗ್ರಂಥಗಳಲ್ಲಿ ಮಹಾಬಂಧವೂ ಒಂದು. ಅದರ ತಾಳೆಗರಿಯ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಕಿ ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ, ಮಾಘಣಂದಿ ಮುನಿಗಳಿಗೆ ಅರ್ಪಿಸಿದಳು. ಆಕೆಯ ಉಪವಾಸ ಆ ದಿನಕ್ಕೇ ಮುಗಿಯಿತು. ಬರೆಯಿಸಿದ ಗ್ರಂಥ ಇಂದಿಗೂ ಲೋಕಕ್ಕೆ ಜ್ಞಾನದ ಪಾರಣೆಯನ್ನು ಮಾಡಿಸುತ್ತಲಿದೆ.

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ನಮ್ಮ ಆಚಾರ್ಯರು ವಿಧಿಸಿದ್ದಾರೆ. ನಾವು ಬಿಟ್ಟ ಒಂದು ಹೊತ್ತಿನ ಊಟ ಹಸಿದವರೊಬ್ಬರಿಗೆ ಒದಗಲಿ. ನಮ್ಮ ಉದ್ಯಾಪನೆಯ ನೆನಪಿಗೆ ಒಂದು ಶಾಸ್ತ್ರಗ್ರಂಥ ಓದುವ ಮಗುವೊಂದರ ಕೈಸೇರಲಿ. ದಾನಚಿಂತಾಮಣಿಯ ಸ್ಮರಣೆಗೆ ಇದಕ್ಕಿಂತ ತಕ್ಕ ಪೂಜೆ ಬೇರೊಂದಿಲ್ಲ.