ಸಾಯಲು ಹೊರಟವನಿಗೂ ಶಿರಸ್ತ್ರಾಣ: ಯುಕಿಯೋ ಸೆಕಿಯ ಕಥೆ

ಮರಳಿ ಬಾರದ ಹಾರಾಟಕ್ಕೆ ಸಜ್ಜಾದ ಜಪಾನಿನ ಕಮಿಕಾಜೆ ಪೈಲಟ್‌ಗಳ ಛಾಯಾಚಿತ್ರ ಕಂಡವರಿಗೆ ಒಂದು ಸಂದೇಹ ಸಹಜ. ಶತ್ರು ನೌಕೆಗೆ ವಿಮಾನಸಮೇತ ಅಪ್ಪಳಿಸಿ ಸಾಯಲಿರುವವನಿಗೆ ಶಿರಸ್ತ್ರಾಣವೇಕೆ? ನಗೆಚಾಟಿಕೆಯ ವಸ್ತುವಾಗಿಬಿಟ್ಟಿರುವ ಈ ಪ್ರಶ್ನೆಗೆ, ಮೊದಲ ಅಧಿಕೃತ ಆತ್ಮಾಹುತಿ ಪಡೆಯ ನಾಯಕ ಯುಕಿಯೋ ಸೆಕಿಯ ಅಲ್ಪಾಯುಷ್ಯದಲ್ಲೇ ಉತ್ತರವಿದೆ.

ಸೆಕಿ ಜನಿಸಿದ್ದು 1921ರ ಆಗಸ್ಟ್ 29ರಂದು, ಶಿಕೋಕು ದ್ವೀಪದ ಸೈಜೋ ಪಟ್ಟಣದ ನಂಟುಳ್ಳ ಕುಟುಂಬದಲ್ಲಿ. ಎತಾಜಿಮಾದ ನೌಕಾ ಅಕಾಡೆಮಿಯಿಂದ 1941ರ ನವೆಂಬರ್‌ನಲ್ಲಿ ತೇರ್ಗಡೆಯಾಗಿ ಹೊರಬಂದಾಗ, ಪರ್ಲ್ ಹಾರ್ಬರ್ ದಾಳಿಗೆ ಕೆಲವೇ ವಾರಗಳು ಉಳಿದಿದ್ದವು. ಮೊದಲು ಯುದ್ಧನೌಕೆಗಳಲ್ಲಿ ಸೇವೆ ಸಲ್ಲಿಸಿ, ಬಳಿಕ ಬಾಂಬರ್ ವಿಮಾನದ ಪೈಲಟ್ ಆಗಿ ತರಬೇತಿ ಪಡೆದ ಆತ, ಕಸುಮಿಗೌರಾದಲ್ಲಿ ಕಿರಿಯರಿಗೆ ಹಾರಾಟ ಕಲಿಸುವ ಶಿಕ್ಷಕನೂ ಆದ. 1944ರ ಮೇ ತಿಂಗಳಲ್ಲಿ ವಿವಾಹವಾಯಿತು. ಸೆಪ್ಟೆಂಬರ್ ವೇಳೆಗೆ ಫಿಲಿಪ್ಪೀನ್ಸ್‌ಗೆ ವರ್ಗಾವಣೆ ಆದೇಶ ಬಂದಿತು.

ಅಕ್ಟೋಬರ್ 19ರ ರಾತ್ರಿ ಮನಿಲಾದ ಉತ್ತರಕ್ಕಿರುವ ಮಬಲಕಟ್ ನೆಲೆಯಲ್ಲಿ ವೈಸ್ ಅಡ್ಮಿರಲ್ ತಕಿಜಿರೋ ಒನಿಶಿ, 250 ಕಿಲೋ ಬಾಂಬ್ ಹೊತ್ತ ಜೀರೋ ವಿಮಾನಗಳನ್ನೇ ಅಸ್ತ್ರವಾಗಿಸುವ ಯೋಜನೆಯನ್ನು ಮುಂದಿಟ್ಟರು. ಅದರ ನಾಯಕತ್ವಕ್ಕೆ ಸೆಕಿಯ ಹೆಸರು ಸೂಚಿತವಾಯಿತು. ಆತ ಕೆಲ ಕ್ಷಣ ತಲೆಗೆ ಕೈಹೊತ್ತು ಮೌನವಾಗಿ ಕುಳಿತಿದ್ದು, ನಂತರ ಒಪ್ಪಿದನೆಂದು ಒಬ್ಬ ಅಧಿಕಾರಿಯ ಬರಹ ಹೇಳುತ್ತದೆ. ಯೋಚಿಸಲು ಒಂದು ರಾತ್ರಿಯ ಕಾಲಾವಕಾಶ ಕೇಳಿದನೆಂಬುದು ಮತ್ತೊಂದು ನಿರೂಪಣೆ. ನುರಿತ ಪೈಲಟ್‌ಗಳನ್ನೇ ಬಲಿಕೊಡಬೇಕಾದ ಸ್ಥಿತಿಗೆ ದೇಶ ಇಳಿದಿದ್ದರೆ ಅದರ ಭವಿಷ್ಯ ಕತ್ತಲೆಯದೇ ಎಂದು, ಅಪ್ಪಳಿಸದೆಯೇ ಹಡಗಿಗೆ ಬಾಂಬ್ ಹಾಕಬಲ್ಲೆನೆಂಬ ವಿಶ್ವಾಸ ತನಗಿದೆಯೆಂದು ಯುದ್ಧ ವರದಿಗಾರನೊಬ್ಬನಲ್ಲಿ ಆತ ತೋಡಿಕೊಂಡಿದ್ದ.

ಶಿರಸ್ತ್ರಾಣದ ಗುಟ್ಟು ತೆರೆದುಕೊಳ್ಳುವುದು ನಂತರದ ದಿನಗಳಲ್ಲಿ. ಅಕ್ಟೋಬರ್ 21ರಿಂದ ಸೆಕಿಯ ತಂಡ ಹಲವು ಬಾರಿ ಹೊರಟಿತು. ಶತ್ರು ನೌಕೆ ಕಾಣಸಿಗದೆ ಪ್ರತಿ ಬಾರಿಯೂ ಮರಳಿತು. ಗುರಿ ಸಿಗದಿದ್ದರೆ ವಿಮಾನ ಮತ್ತು ಪೈಲಟ್ ಎರಡನ್ನೂ ಉಳಿಸಿಕೊಳ್ಳುವುದೇ ಕ್ರಮವಾಗಿತ್ತು. ಹೊರಟವನು ಸಾಯುವವರೆಗೂ ಪೈಲಟ್ ಆಗಿಯೇ ಕೆಲಸ ಮಾಡಬೇಕಿತ್ತು.

ಅಂದಿನ ಪೈಲಟ್‌ನ ತಲೆಗವಸು, ಇಂದಿನ ಬೈಕ್ ಸವಾರನ ಹೆಲ್ಮೆಟ್‌ನಂತೆ ಪೆಟ್ಟು ತಡೆಯುವ ಗಟ್ಟಿ ಚಿಪ್ಪಲ್ಲ. ಅದು ಮೆತ್ತನೆಯ ಟೊಪ್ಪಿಗೆ. ರೇಡಿಯೋದ ಶ್ರವಣ ಸಾಧನ, ಆಮ್ಲಜನಕದ ಮುಖವಾಡ, ಕನ್ನಡಕ ಇವೆಲ್ಲ ಕುಳಿತುಕೊಳ್ಳಲು ಅದೇ ಆಧಾರ. ಎಂಜಿನ್‌ನ ಅಬ್ಬರವನ್ನು ತಗ್ಗಿಸುವುದೂ, ಹಾರುವಾಗ ಮತ್ತು ಇಳಿಯುವಾಗ ಮೇಲ್ಛಾವಣಿ ತೆರೆದರೆ ಎರಗುವ ಗಾಳಿಯಿಂದ ಕಾಪಾಡುವುದೂ ಅದರ ಕೆಲಸ. ಆರು ಸಾವಿರ ಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗಿಳಿಯುತ್ತದೆ. ಚಳಿಗೆ ಮರಗಟ್ಟಿ, ಕಿವಿ ಕೇಳದೆ, ಕಣ್ಣು ಮಂಜಾದವನು ಗುರಿ ಮುಟ್ಟುವುದೆಂತು?

ಅಕ್ಟೋಬರ್ 25ರ ಬೆಳಗ್ಗೆ 7.25ಕ್ಕೆ ಸೆಕಿ ನೇತೃತ್ವದ ಐದು ವಿಮಾನಗಳು ಹೊರಟವು. ಮೂರು ತಾಸಿಗೂ ಮಿಕ್ಕಿದ ಹಾರಾಟದ ನಂತರ, ಲೇಟೆ ಕೊಲ್ಲಿಯ ಸಮೀಪ ಅಮೆರಿಕದ ವಿಮಾನವಾಹಕ ನೌಕೆಗಳ ಮೇಲೆ ಅವು ಎರಗಿದವು. ಸೇಂಟ್ ಲೋ ನೌಕೆಗೆ ಒಂದು ವಿಮಾನ ಅಪ್ಪಳಿಸಿತು. ಒಳಗಿದ್ದ ಟಾರ್ಪಿಡೋ, ಬಾಂಬ್‌ಗಳು ಸಿಡಿದು ಸುಮಾರು ಅರ್ಧ ಗಂಟೆಯಲ್ಲೇ ಅದು ಮುಳುಗಿತು. ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಅದನ್ನು ಹೊಡೆದವನು ಸೆಕಿಯೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆತನಿಗೆ ಆಗ 23 ವರ್ಷ.

ಜಪಾನಿನ ಪತ್ರಿಕೆಗಳು ಆತನನ್ನು ಯುದ್ಧದೇವತೆಯೆಂದು ಕೊಂಡಾಡಿದವು; ತಾಯಿ ದೇವತೆಯ ತಾಯಿ ಎನಿಸಿದಳು. ಯುದ್ಧ ಸೋತ ಮೇಲೆ ಆ ಮನ್ನಣೆ ಕರಗಿತು. ಒಂಟಿಯಾಗಿ, ಬಡತನದಲ್ಲಿ ಬದುಕಿದ ಆಕೆ 1953ರಲ್ಲಿ ತೀರಿಕೊಂಡಳು. ಯೋಜನೆ ರೂಪಿಸಿದ ಒನಿಶಿ, ಜಪಾನ್ ಶರಣಾದ ಮರುದಿನವೇ, 1945ರ ಆಗಸ್ಟ್ 16ರಂದು, ಆತ್ಮಹತ್ಯೆ ಮಾಡಿಕೊಂಡಿದ್ದರು. ಅಷ್ಟರಲ್ಲಿ ಸೆಕಿಯ ಹಾದಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಯುವಕರು ಪ್ರಾಣ ಕಳೆದುಕೊಂಡಿದ್ದರು.

ಅವರ ತಲೆಯ ಮೇಲಿದ್ದ ಟೊಪ್ಪಿಗೆ ಪ್ರಾಣ ಉಳಿಸಲೆಂದು ಕೊಟ್ಟದ್ದಲ್ಲ. ಸಾವಿನ ಸ್ಥಳದವರೆಗೆ ಅವರನ್ನು ಸುರಕ್ಷಿತವಾಗಿ ತಲುಪಿಸಲೆಂದು ಕೊಟ್ಟದ್ದು.